ಜಿಲ್ಬೆರ್ತ್ ಕಿತ್ತಿಟ್ಟ ನಾಲ್ಕು ಕಲ್ಲುಗಳು

ಅಕ್ಟೋಬರಿನ ಒಂದು ಮಂಗಳವಾರ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವೋಸರೆ ಊರಿನಾಚೆಯ ಪುರಾತನ ಪ್ರಾರ್ಥನಾ ಮಂದಿರದ ಮುಂದೆ ಜಿಲ್ಬೆರ್ತ್ ಕೊರ್ನಿಯೊ ಬಿಳಿ ವ್ಯಾನು ನಿಲ್ಲಿಸುತ್ತಾರೆ. ಸಲಿಕೆ, ಕುಂಟೆ, ಗಿಡ ಸವರುವ ಕತ್ತರಿ ಎಲ್ಲವನ್ನೂ ಕೈಗಾಡಿಗೆ ಹಾಕಿ, ಫ್ಲಾಸ್ಕಿನ ಕಾಫಿ ಎರಡು ಗುಟುಕು ಕುಡಿದು, ಗಾಡಿ ತಳ್ಳಿಕೊಂಡು ಮಂದಿರದ ಮೂಲೆ ತಿರುಗುತ್ತಾರೆ. ಗಾಡಿ ಅಲ್ಲೇ ನಿಂತುಬಿಡುತ್ತದೆ.

ದಾರಿ ಇಲ್ಲ.

ಮರ ಬಿದ್ದು ದಾರಿ ಮುಚ್ಚಿದೆ ಎಂದಲ್ಲ, ಮಳೆಗೆ ಕೊಚ್ಚಿಹೋಗಿದೆ ಎಂದೂ ಅಲ್ಲ. ದಾರಿಯೇ ಇಲ್ಲ. ಶನಿವಾರ ಸಂಜೆ ಅವರೇ ಗುಡಿಸಿ ಹೋಗಿದ್ದ ಎಂಟುನೂರು ಮೀಟರ್ ಜಲ್ಲಿ ದಾರಿ, ಆಚೀಚಿನ ಹೊಲದ ಜೊತೆ ಸೇರಿ ಒಂದೇ ಸಮ ಉತ್ತುಹೋಗಿದೆ. ಈ ತುದಿಯ ಮಂದಿರದಿಂದ ಆ ತುದಿಯಲ್ಲಿ ಹೆಂಗಸರು ಒಂದು ಕಾಲದಲ್ಲಿ ಬಟ್ಟೆ ಒಗೆಯುತ್ತಿದ್ದ ಕಲ್ಲುಕಟ್ಟೆಯವರೆಗೆ ಕಾಣುವುದು ಬರೀ ಕಂದು ಮಣ್ಣಿನ ಸಾಲು. ಜಿಲ್ಬೆರ್ತ್ ಬಗ್ಗಿ ಒಂದು ಹೆಂಟೆ ಎತ್ತಿ ನೋಡುತ್ತಾರೆ. ಅದರೊಳಗೆ ಅವರು ಬೇಸಿಗೆಯಲ್ಲಿ ಹಾಸಿದ ಬಿಳಿ ಜಲ್ಲಿ ಇದೆ.

"ಅಯ್ಯೋ, ಇದೇನು ಮಾಡಿಬಿಟ್ರು!" ಎನ್ನುತ್ತಾರೆ. 

ಜಿಲ್ಬೆರ್ತ್ ಐವತ್ತಾರು ವರ್ಷದ ಹೆಂಗಸು. ಫ್ರಾನ್ಸಿನ ಬರ್ಗಂಡಿ ಸೀಮೆಯ ನಾನೂರು ಜನರ ಈ ಊರಿಗೆ ರಸ್ತೆ ಕೆಲಸದವರು ಎಂದರೆ ಅವರೊಬ್ಬರೇ. ಮೊದಲು ಕೋಳಿಮಾಂಸದ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿದಾಗ ಪಂಚಾಯ್ತಿಯವರು ಒಂದು ವರ್ಷಕ್ಕೆಂದು ಕರೆದರು. ಹತ್ತೊಂಬತ್ತು ವರ್ಷವಾಯಿತು. ಡಾಂಬರಿಲ್ಲದ ದಾರಿ ಇಪ್ಪತ್ತಮೂರು ಕಿಲೋಮೀಟರ್, ಮೋರಿ ಮೂವತ್ತೊಂದು, ಕೈ ಎರಡು. ಸೊಂಟದ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದ ಆರು ವಾರ ಬಿಟ್ಟರೆ ರಜೆ ಎಂದು ಕೂತದ್ದು ಕಡಿಮೆ.

"ನಾನೇನು ಮಹಾ ಮಾಡ್ತೀನಿ? ಹುಲ್ಲು ಕೊಯ್ತೀನಿ, ಗುಂಡಿ ಮುಚ್ತೀನಿ, ನೀರಿಗೆ ಹೋಗು ಅಂತೀನಿ. ನೀರು ಮಾತ್ರ ನನ್ನ ಮಾತು ಕೇಳಲ್ಲ, ನಮ್ಮ ಮನೆಯವರ ಥರ" ಎಂದು ನಗುತ್ತಾರೆ.

ಈಗ ಇಲ್ಲೆಲ್ಲ ಗ್ರಾವೆಲ್ ಸೈಕಲ್ಲಿನವರ ಕಾಲ. ಬಾಗಿದ ಹ್ಯಾಂಡಲ್ಲು, ದಪ್ಪ ಟೈರು. ಡಾಂಬರು ಕಂಡರೆ ಮುಖ ತಿರುಗಿಸಿ ಜಲ್ಲಿ ಹುಡುಕಿಕೊಂಡು ಹೋಗುವ ಜನ. ಅರವತ್ತೆರಡು ಕಿಲೋಮೀಟರಿನ ಅವರ ಸುತ್ತು ದ್ರಾಕ್ಷಿ ತೋಟ, ಪಾರಿವಾಳದ ಗೋಪುರ, ಈ ಮಂದಿರ, ಆ ಒಗೆಯುವ ಕಟ್ಟೆ ಎಲ್ಲವನ್ನೂ ದಾಟಿ ಹೋಗುತ್ತದೆ. ಎಂಟುನೂರು ವರ್ಷದ ಮಂದಿರದ ಕಲ್ಲುಗೋಡೆಯ ಮುಂದೆ ನಿಂತು ಫೋಟೊ ತೆಗೆದುಕೊಳ್ಳುತ್ತಾರೆ, ಆಹಾ ಎನ್ನುತ್ತಾರೆ. ಕಾಲಡಿಯ ಜಲ್ಲಿ ತಾನಾಗಿಯೇ ಬಂದು ಮಟ್ಟವಾಗಿ ಮಲಗಿದೆ ಎಂದುಕೊಂಡಿರುತ್ತಾರೋ ಏನೋ! ಬರುವ ಭಾನುವಾರ ಇದೇ ದಾರಿಯಲ್ಲಿ ನೂರ ನಲವತ್ತು ಜನ ಬರುವವರಿದ್ದಾರೆ. ಈ ತುಂಡು ಹೋಯಿತೆಂದರೆ ಅವರನ್ನು ಲಾರಿಗಳು ಓಡುವ ಹೆದ್ದಾರಿಗೆ ಹತ್ತಿಸಬೇಕು.

ಜಿಲ್ಬೆರ್ತ್ ಕೈಗಾಡಿ ಬಿಟ್ಟು ಸೀದಾ ಪಂಚಾಯ್ತಿ ಕಚೇರಿಗೆ ಹೋಗುತ್ತಾರೆ. ಮೇಯರ್ ಎಮೆರಿಕ್ ತಿಬೊದೊ ಕೋಟು ಕೂಡ ಬಿಚ್ಚಿಲ್ಲ. ಸುದ್ದಿ ಕೇಳಿ ಅವರು ಹಾಗೇ ಫೋನು ಎತ್ತುತ್ತಾರೆ. ಅರ್ಧ ಗಂಟೆಯಲ್ಲಿ ಹೊಲದ ಯಜಮಾನ ಫಿರ್ಮೆನ್ ಬ್ಲೊಂದೊ ಊರುಗೋಲು ಟಕಟಕ ಮಾಡುತ್ತಾ ಬರುತ್ತಾನೆ. ಏಣಿಯಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಎಪ್ಪತ್ತರ ಮುದುಕ. ಉಳುಮೆಗೆ ಪಕ್ಕದ ಕಣಿವೆಯಿಂದ ಟ್ರ್ಯಾಕ್ಟರಿನವನನ್ನು ಕರೆಸಿದ್ದ.

"ನಾನು ಅವನಿಗೆ ಹೇಳಿದ್ದು ಒಂದೇ ಮಾತು ಮೇಯರ್ರೇ. ಗಡಿಕಲ್ಲು ಎಲ್ಲಿದೆಯೋ ಅಲ್ಲಿಗೆ ನಿಲ್ಲಿಸು ಅಂದೆ. ಅವನು ಕಲ್ಲೇ ಇರಲಿಲ್ಲ, ಜಲ್ಲಿನೂ ಹೊಲದ್ದೇ ಅಂದ್ಕೊಂಡೆ ಅಂತಾನೆ. ನಾಲ್ಕಕ್ಕೆ ನಾಲ್ಕೂ ಇಲ್ಲ. ನಮ್ಮಜ್ಜ ನೆಟ್ಟ ಕಲ್ಲು, ಎದ್ದು ನಡ್ಕೊಂಡು ಹೋದವಾ?"

"ನಕ್ಷೆಯಲ್ಲಿ ದಾರಿ ಇದೆಯಲ್ಲ ಫಿರ್ಮೆನ್."

"ಇದೆ. ನನ್ನ ಬೆರಳಿನಷ್ಟು ದಪ್ಪ ಗೀಟು. ಅದು ನನ್ನ ಹೊಲದ ಎಲ್ಲಿ ಬರುತ್ತೆ ಅಂತ ನೀವೇ ಬಂದು ತೋರಿಸಿ. ಕಲ್ಲು ತೋರಿಸಿ, ದಾರಿ ತಗೊಳ್ಳಿ. ಇಲ್ಲಾಂದ್ರೆ ಗುರುವಾರ ಬಿತ್ತನೆ."

ಸರ್ವೆಯವರು ಬರುವುದು ಮಾರ್ಚಿಗೆ. ಅಷ್ಟರಲ್ಲಿ ಗೋಧಿ ಗೇಣುದ್ದ ಬೆಳೆದಿರುತ್ತದೆ. ಬಿತ್ತಿದ ಗೋಧಿಯನ್ನು ಇಲ್ಲಿ ಯಾರೂ ತುಳಿಯುವುದಿಲ್ಲ, ಮೇಯರೂ ತುಳಿಯುವುದಿಲ್ಲ. ಒಂದು ಸಲ ತಪ್ಪಿದ ದಾರಿಗೆ ಸೈಕಲ್ಲಿನವರು ಮತ್ತೆ ಬರುವುದೂ ಇಲ್ಲ. ಇದು ಕೋಣೆಯಲ್ಲಿದ್ದ ಮೂವರಿಗೂ ಗೊತ್ತು.

ಜಿಲ್ಬೆರ್ತ್ ಮುಖ ಸುಣ್ಣವಾಗಿದೆ. "ಕಲ್ಲು ಕಿತ್ತಿದ್ದು ನಾನು" ಎನ್ನುತ್ತಾರೆ.

ಇಬ್ಬರನ್ನೂ ನೋಡದೆ ಜಿಲ್ಬೆರ್ತ್ ಒಂದೇ ಉಸಿರಿಗೆ ಹೇಳುತ್ತಾರೆ. ಏಪ್ರಿಲಿನಲ್ಲಿ ಸೈಕಲ್ಲಿನ ಹೆಂಗಸೊಬ್ಬಳ ಟೈರು ಹುಲ್ಲಿನಲ್ಲಿ ಅಡಗಿದ್ದ ಕಲ್ಲಿಗೆ ಬಡಿದು, ಅವಳು ಮುಖ ಅಡಿಯಾಗಿ ಬಿದ್ದು ತುಟಿ ಹರಿದುಕೊಂಡಿದ್ದಳು. ಆ ರಕ್ತ ನೋಡಿದ ಮರುದಿನವೇ ಹಾರೆ ಹಾಕಿ ನಾಲ್ಕೂ ಕಲ್ಲು ಎಬ್ಬಿಸಿ, ಒಗೆಯುವ ಕಟ್ಟೆಯ ಹಿಂದೆ ಒಟ್ಟಿಟ್ಟರು. ದಾರಿ ಕಣ್ಣಿಗೆ ಕಾಣುತ್ತಲೇ ಇದೆಯಲ್ಲ, ಕಲ್ಲು ಯಾಕೆ ಎಂದುಕೊಂಡಿದ್ದರು. ಯಾರನ್ನೂ ಕೇಳಲಿಲ್ಲ.

"ಸೈಕಲ್ಲಿಗೆ ನೋವಾಗುತ್ತೆ ಅಂತ ನಮ್ಮಜ್ಜನ ಕಲ್ಲು ಕಿತ್ತೆಯಾ ತಾಯಿ?" ಫಿರ್ಮೆನ್ ಊರುಗೋಲು ನೆಲಕ್ಕೆ ಕುಟ್ಟುತ್ತಾನೆ. "ಹತ್ತೊಂಬತ್ತು ವರ್ಷ ಮಣ್ಣಲ್ಲಿ ಕೆಲಸ ಮಾಡಿದೀಯ, ಗಡಿಕಲ್ಲು ಮುಟ್ಟಬಾರದು ಅಂತ ಗೊತ್ತಿಲ್ವಾ? ಅದರಡಿ ಸಾಕ್ಷಿ ಇಟ್ಟಿದ್ರು, ಅದನ್ನೇನು ಮಾಡಿದೆ?"

"ಎಂಥ ಸಾಕ್ಷಿ?"

"ಹೆಂಚು! ಕಲ್ಲು ನೆಡೋವಾಗ ಇಬ್ಬರೂ ಹೊಲದವರ ಎದುರಿಗೇ ಒಂದು ಹೆಂಚು ಒಡೆದು, ಮೂರು ಚೂರು ಗುಂಡಿ ತಳದಲ್ಲಿ ಇಡ್ತಿದ್ರು. ಆಮೇಲೆ ಯಾವನಾದ್ರೂ ಕಲ್ಲು ಸರಿಸಿದ್ರೆ ಅಗೆದು ಜೋಡಿಸಿ ನೋಡೋದು. ಚೂರು ಒಂದಕ್ಕೊಂದು ಕೂತ್ರೆ ಗಡಿ ಅದೇ."

ಜಿಲ್ಬೆರ್ತ್‌ಗೆ ಆ ಚೂರುಗಳು ಕಣ್ಣಿಗೆ ಕಟ್ಟಿದಂತಿವೆ. ಮಂದಿರದ ಪಕ್ಕದ ಮೊದಲ ಗುಂಡಿಯಲ್ಲಿ ಕೆಂಪಗೆ ಮೂರು. ಯಾರೋ ಎಸೆದ ಕಸ ಎಂದುಕೊಂಡು, ಹತ್ತಿರದ ಕೆಸರಿನ ಹೊಂಡಕ್ಕೆ ಹಾಕಿ ಬೂಟಿನಲ್ಲಿ ತುಳಿದು ಮಟ್ಟ ಮಾಡಿದ್ದರು. "ನನ್ನ ಕೈಯಾರೆ" ಎಂದಷ್ಟೇ ಹೇಳಿ ಅತ್ತುಬಿಡುತ್ತಾರೆ. ಮಿಕ್ಕ ಮೂರು ಗುಂಡಿಗಳ ತಳ ನೋಡಿದ ನೆನಪಿಲ್ಲ. ಅಷ್ಟರಲ್ಲಿ ಮಳೆ ಶುರುವಾಗಿ, ಕಲ್ಲು ಹೊರಗೆಳೆದದ್ದೇ ಮಣ್ಣು ತಳ್ಳಿ ಮುಚ್ಚಿದ್ದರು.

"ಎಲ್ಲಿ ಮುಚ್ಚಿದ್ದೆ ಅಂತಾದ್ರೂ ಗೊತ್ತಾ?" ಮೇಯರ್ ಮೆಲ್ಲಗೆ ಕೇಳುತ್ತಾರೆ.

"ಕಣ್ಣು ಮುಚ್ಕೊಂಡು ಹೋಗ್ತೀನಿ."

ಬುಧವಾರ ಬೆಳಕು ಮೂಡುವಾಗ ಮೂವರೂ ಉತ್ತ ಹೊಲದ ಅಂಚಿನಲ್ಲಿದ್ದಾರೆ. ಜಿಲ್ಬೆರ್ತ್ ಮಂದಿರದ ಮೂಲೆಗೆ ಬೆನ್ನು ಕೊಟ್ಟು ನಿಂತು, ಒಗೆಯುವ ಕಟ್ಟೆಯ ಮಾಡಿನ ತುದಿ ನೋಡಿಕೊಂಡು ನಡೆಯಲಾರಂಭಿಸುತ್ತಾರೆ. ವರ್ಷಕ್ಕೆ ಐದು ಸಲ ಹುಲ್ಲು ಕೊಯ್ದ ದಾರಿ ಅದು. ಮೊದಲ ಕಲ್ಲಿನ ಜಾಗದಿಂದ ಎರಡನೆಯದಕ್ಕೆ ಇನ್ನೂರ ಎಪ್ಪತ್ತು ಹೆಜ್ಜೆ. ಇನ್ನೂರ ಎಪ್ಪತ್ತಕ್ಕೆ ನಿಂತು ಸಲಿಕೆ ಹಾಕುತ್ತಾರೆ. ಒಂದು ಗೇಣು ಆಳ, ಏನಿಲ್ಲ. ಎರಡು ಗೇಣು, ಏನಿಲ್ಲ. ನೇಗಿಲು ಹೋದ ಆಳ ದಾಟಿದೆ, ಈಗ ಬರೀ ಜೇಡಿ.

"ಬಿಟ್ಬಿಡು, ಸೊಂಟ ಹೋಗುತ್ತೆ" ಎನ್ನುತ್ತಾನೆ ಫಿರ್ಮೆನ್. ದನಿಯಲ್ಲಿ ನಿನ್ನೆಯ ಬಿಸಿ ಇಲ್ಲ.

ಅವರು ಬಿಡುವುದಿಲ್ಲ. ಮಂಡಿಯೂರಿ, ತೋಳು ಭುಜದವರೆಗೆ ಇಳಿಬಿಟ್ಟು ಬೆರಳಲ್ಲಿ ಕೆದಕುತ್ತಾರೆ. ಆ ಕೈ ಥಟ್ಟನೆ ನಿಲ್ಲುತ್ತದೆ. ಮೇಲೆ ಬಂದದ್ದು ಅಂಗೈ ಅಗಲದ ಕೆಂಪು ಹೆಂಚಿನ ಚೂರು. ಆಮೇಲೆ ಇನ್ನೊಂದು. ಮೂರನೆಯದಕ್ಕೆ ಮೇಯರೇ ಹೊಟ್ಟೆ ಅಡಿಯಾಗಿ ಮಲಗುತ್ತಾರೆ, ಕೋಟಿನ ಸಮೇತ.

ಫಿರ್ಮೆನ್ ಊರುಗೋಲು ಎಸೆದು ಮಣ್ಣಿನ ಮೇಲೆ ಕೂರುತ್ತಾನೆ. ಚೂರುಗಳನ್ನು ಅಂಗಿಯಲ್ಲಿ ಒರೆಸಿ, ಪ್ಲಾಸ್ಟರ್ ಕಾಲಿನ ಮೇಲಿಟ್ಟು ಒಂದಕ್ಕೊಂದು ಸೇರಿಸುತ್ತಾನೆ. ಒಂದು ಎಳೆ ಹೆಚ್ಚಿಲ್ಲ, ಕಡಿಮೆ ಇಲ್ಲ, ಹೆಂಚು ಇಡಿಯಾಗಿ ಕೂತುಬಿಡುತ್ತದೆ. ಮುದುಕನಿಗೆ ನಂಬಲಾಗುವುದಿಲ್ಲ, ಬಿಡಿಸಿ ಮತ್ತೆ ಜೋಡಿಸುತ್ತಾನೆ. ಹೇಳುತ್ತಿದ್ದನೇ ಹೊರತು ಹುಟ್ಟಿದಾಗಿನಿಂದ ಇದನ್ನು ಕಣ್ಣಾರೆ ಕಂಡವನಲ್ಲವಂತೆ.

"ಅಜ್ಜ ಮುಟ್ಟಿದ್ದು ಇದು" ಎನ್ನುತ್ತಾನೆ. ಮೂಗು ಒರೆಸಿಕೊಂಡು, "ಮೂರನೇದು, ನಾಲ್ಕನೇದೂ ತೆಗಿ. ಗುರುವಾರ ಟ್ರ್ಯಾಕ್ಟರಿನವನಿಗೆ ನಾನೇ ಹೇಳ್ತೀನಿ, ದಾರಿ ಬಿಟ್ಟು ಬಿತ್ತಲಿ."

ಮಧ್ಯಾಹ್ನದೊಳಗೆ ಆ ಎರಡು ಗುಂಡಿಗಳೂ ತಮ್ಮ ಸಾಕ್ಷಿ ಒಪ್ಪಿಸುತ್ತವೆ. ಗುರುವಾರ ಕಲ್ಲುಗಣಿಯಿಂದ ಮೂರು ಲೋಡು ಜಲ್ಲಿ ಬರುತ್ತದೆ. ಶುಕ್ರವಾರ ಮೇಯರ್ ರೋಡ್ ರೋಲರ್ ಹತ್ತುತ್ತಾರೆ, ಜಿಲ್ಬೆರ್ತ್ ಮುಂದೆ ಮುಂದೆ ಕುಂಟೆ ಎಳೆಯುತ್ತಾರೆ. ಶನಿವಾರ ಕಲ್ಲುಗಳು ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ, ಈ ಸಲ ನೆತ್ತಿಗೆ ಬಿಳಿ ಬಣ್ಣ ಬಳಿಸಿಕೊಂಡು. ಮೂರರ ಅಡಿಗೆ ಹಳೆಯ ಚೂರುಗಳೇ. ಮೊದಲನೆಯದಕ್ಕೆಂದು ಫಿರ್ಮೆನ್ ತನ್ನ ಕೊಟ್ಟಿಗೆ ಮಾಡಿನಿಂದ ಒಂದು ಹೆಂಚು ಇಳಿಸಿ ತಂದಿದ್ದಾನೆ. ಒಡೆಯಲು ಅದನ್ನು ಜಿಲ್ಬೆರ್ತ್ ಕೈಗೇ ಕೊಡುತ್ತಾನೆ.

"ನಾನಾ? ಕಿತ್ತವಳ ಕೈಯಲ್ಲಿ ಇಡಿಸ್ತೀಯಾ?"

"ಕಿತ್ತವಳು ಇನ್ನೊಂದು ಸಲ ಕೀಳಲ್ಲ. ಒಡಿ."

ಭಾನುವಾರ ನೂರ ನಲವತ್ತು ಸೈಕಲ್ಲುಗಳು ಗರಗರ ಸದ್ದು ಮಾಡುತ್ತಾ ಬರುತ್ತವೆ. ಮಂದಿರದ ಮುಂದೆ ಫೋಟೊ, ಕಟ್ಟೆಯ ಮುಂದೆ ಫೋಟೊ. "ಇಲ್ಲಿ ಜಲ್ಲಿ ಒಸಿ ಮೆತ್ತಗಿದೆಯಪ್ಪಾ" ಎಂದು ಒಬ್ಬ ಗೊಣಗುತ್ತಾನೆ. ಬೇಲಿಯ ಪಕ್ಕ ಕೈಗಾಡಿಯ ಮೇಲೆ ಕೂತು ಬ್ರೆಡ್ಡು ಚೀಸು ತಿನ್ನುತ್ತಿರುವ ಹೆಂಗಸನ್ನು ಯಾರೂ ಮಾತಾಡಿಸುವುದಿಲ್ಲ. ಜಿಲ್ಬೆರ್ತ್‌ಗೂ ಅವರತ್ತ ಗಮನವಿಲ್ಲ. ಅವರ ಕಣ್ಣು ಮೊದಲ ಕಲ್ಲಿನ ಮೇಲಿದೆ. ಪ್ರತಿ ಟೈರು ಅದರ ಹತ್ತಿರ ಬಂದಾಗಲೂ ಬಾಯಿಗೆ ಹೋಗುವ ಬ್ರೆಡ್ಡು ನಿಲ್ಲುತ್ತದೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಅವರು ಆ ಕಲ್ಲಿನತ್ತಲೇ ಬೆರಳು ತೋರುತ್ತಾರೆ.

"ಅವರು ನನ್ನ ನೋಡೋದು ಬೇಡ. ಆ ಕಲ್ಲು ಕಂಡಾಗ ಒಂದು ಗೇಣು ಪಕ್ಕಕ್ಕೆ ಹೋದ್ರೆ ಸಾಕು. ಅದರಡಿ ಇರೋ ಹೆಂಚು ನಾನು ಒಡೆದಿದ್ದು."