ತಾರಸಿ ಖಾಲಿ ಇದೆ

ನನಗೊಂದು ಕೆಟ್ಟ ಚಾಳಿಯಿದೆ. ಎದುರಿಗಿರುವವರು ಮಾತಾಡುತ್ತಿದ್ದಂತೆಯೇ ಅವರ ದನಿ ನನ್ನ ಗಂಟಲಲ್ಲಿ ಬಂದು ಕೂತುಬಿಡುತ್ತದೆ. ಸಾಲ ಬೇಕೇ ಎಂದು ಫೋನ್ ಮಾಡುವ ಹುಡುಗಿಗೆ ಅವಳದೇ ರಾಗದಲ್ಲಿ ಉತ್ತರಿಸಿದರೆ, ಪಾಪ, ಅವಳೇ ಗೊಂದಲಗೊಂಡು ಫೋನ್ ಇಡುತ್ತಾಳೆ. ನನ್ನ ಕನ್ನಡವನ್ನೂ ಪೂರ್ತಿ ನಂಬಬೇಡಿ. ಹುಟ್ಟಿ ಬೆಳೆದದ್ದು ವಡೋದರಾದ ಮಂಜಲ್‌ಪುರದಲ್ಲಿ. ಅಮ್ಮ ಕುಂದಾಪುರದವಳು, ಅಪ್ಪನದು ಮಕರಪುರದ ಕಾರ್ಖಾನೆಗಳ ನಡುವೆ ಒಂದು ಉಡುಪಿ ಹೋಟೆಲು. ಹೀಗಾಗಿ ನಾನು ಬಾಯಿಬಿಟ್ಟರೆ ಅರ್ಧ ಅಮ್ಮ ಬರುತ್ತಾಳೆ, ಇನ್ನರ್ಧ ಹೋಟೆಲಿನ ಅಡಿಗೆ ಭಟ್ಟರು. ನಾನು ಎಂಬವನು ಇನ್ನೂ ಬಂದಿಲ್ಲ.

ಇಂಥವನಿಗೆ ಸೌರಫಲಕ ಮಾರುವ ಕೆಲಸ ಸಿಕ್ಕಿತು. ಸಣ್ಣ ಕಂಪನಿ, ಆರು ತಿಂಗಳು ಪರೀಕ್ಷೆ, ಆಮೇಲೆ ಕಾಯಂ. ನಮ್ಮ ಶೇಠ್ ಭವಿಷ್ಯದ ವಿಷಯ ಬಂದರೆ ದನಿಯನ್ನು ಹೊಟ್ಟೆಯ ಆಳದಿಂದ ಎತ್ತುತ್ತಾರೆ: "ಕಲ್ಲಿದ್ದಲು ನಿನ್ನೆ, ಸೂರ್ಯ ನಾಳೆ!" ನಾನೂ ಹಾಗೆಯೇ ಎತ್ತುತ್ತಿದ್ದೆ. ಬಿಸಿಲು ಎಂಟು ನಿಮಿಷ ಪ್ರಯಾಣ ಮಾಡಿ ನಿಮ್ಮ ತಾರಸಿಗೆ ಬಂದರೆ ನೀವು ಬಾಗಿಲೂ ತೆಗೆಯುವುದಿಲ್ಲವಲ್ಲ, ನೋಡಿ, ಊರ ಹೊರಗೆ ಕಾಲುವೆಯ ಮೇಲೂ ಫಲಕ ಹೊದಿಸಿದ್ದಾರೆ ಎಂದು ಜನರನ್ನು ಗದರುತ್ತಿದ್ದೆ. ಜನ ತಲೆದೂಗುತ್ತಿದ್ದರು, ನಗುತ್ತಿದ್ದರು, ಇನ್ನೊಮ್ಮೆ ಶೇಠ್ ದನಿ ಮಾಡು ಎನ್ನುತ್ತಿದ್ದರು. ಸಹಿ ಮಾತ್ರ ಹಾಕುತ್ತಿರಲಿಲ್ಲ. ಐದು ತಿಂಗಳಲ್ಲಿ ನಾನು ಒಪ್ಪಿಸಿದ ಏಕೈಕ ಗಿರಾಕಿ ನನ್ನ ಅಮ್ಮ.

ಉಳಿದದ್ದು ಒಂದೇ ಆಸೆ: ನಮ್ಮ ಹಿಂದಿನ ಬೀದಿಯ ಅಪಾರ್ಟ್‌ಮೆಂಟು. ಅದರ ವಿಶಾಲ ತಾರಸಿಯನ್ನು ಕಂಡರೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಅಲ್ಲಿನ ಅಧ್ಯಕ್ಷರು ರಮಣಿಕ್‌ಭಾಯ್. ಎರಡು ಸಲ ಭಾಷಣ ಕೇಳಿ ಎರಡು ಸಲವೂ "ಜೋಯೀಶುಂ", ನೋಡೋಣ, ಎಂದು ಕಳಿಸಿದ್ದರು. ಅವರು ಒಪ್ಪಿದರೆ ನಾನು ಕಾಯಂ. ಇಲ್ಲವಾದರೆ ಮುಂದಿನ ತಿಂಗಳಿಂದ ಅಪ್ಪನ ಹೋಟೆಲಿನಲ್ಲಿ "ಎರಡು ಮಸಾಲೆ, ಒಂದು ಸೆಟ್" ಎಂದು ಕೂಗುವುದು. ಕೂಗಲು ದನಿಯೇನೋ ಇತ್ತು, ಮನಸ್ಸಿರಲಿಲ್ಲ.

ಕೊನೆಯ ಅಸ್ತ್ರವಾಗಿ, ನಮ್ಮ ಮನೆಯ ಫಲಕಗಳನ್ನೇ ಬಂದು ನೋಡಿ ಎಂದು ಕರೆದೆ. ಏಪ್ರಿಲ್ ತಿಂಗಳ ಒಂದು ಭಾನುವಾರ ಹನ್ನೊಂದು ಗಂಟೆಗೆ ರಮಣಿಕ್‌ಭಾಯ್, ಅವರ ಹೆಂಡತಿ ಹಂಸಾಬೆನ್, ಸಮಿತಿಯ ಇನ್ನಿಬ್ಬರು ಬಂದು ಸೋಫಾದಲ್ಲಿ ಕೂತರು. ಮಜ್ಜಿಗೆ ಕೊಟ್ಟೆ. ವಡೋದರಾದ ಏಪ್ರಿಲ್ ಬಿಸಿಲೆಂದರೆ ಚಪ್ಪಲಿಯೂ ನೆರಳು ಹುಡುಕುತ್ತದೆ. ಇದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಶೇಠ್ ದನಿ ತೆಗೆದು, "ಈ ಕ್ಷಣ ನಮ್ಮ ತಲೆಯ ಮೇಲೆ ಎಷ್ಟು ವಿದ್ಯುತ್ ಹುಟ್ಟುತ್ತಿದೆ, ನೀವೇ ನೋಡಿ!" ಎಂದು ಮೊಬೈಲನ್ನು ಟಿವಿಗೆ ಜೋಡಿಸಿದೆ.

ಪರದೆಯ ಮೇಲೆ, ಬೆಳಿಗ್ಗೆಯಿಂದ ಚೆನ್ನಾಗಿ ಏರುತ್ತಿದ್ದ ವಿದ್ಯುತ್ತಿನ ಗೆರೆ ಹತ್ತು ಗಂಟೆಯ ಹೊತ್ತಿಗೆ ಕಾಲು ಜಾರಿ ಬಿದ್ದು ಅಲ್ಲೇ ಮಲಗಿತ್ತು.

"ಏಮ್?" ಎಂದರು ರಮಣಿಕ್‌ಭಾಯ್. ಹಾಗೋ ಎಂಬುದನ್ನು ಅವರು ಮೂಗಿನಲ್ಲಿ ಹೊರಡಿಸಿ ಹುಬ್ಬಿನಲ್ಲಿ ಮುಗಿಸುತ್ತಾರೆ.

ಹೆದರಿದಾಗ ನನ್ನ ಚಾಳಿ ಇನ್ನೂ ಜೋರಾಗುತ್ತದೆ. "ಏಮ್!" ಎಂದೆ ನಾನೂ, ಅದೇ ಮೂಗಿನಲ್ಲಿ, ಅದೇ ಹುಬ್ಬಿನಲ್ಲಿ. ಸಮಿತಿಯ ಇಬ್ಬರು ಮಜ್ಜಿಗೆ ಲೋಟದೊಳಗೆ ಮುಖ ಇಟ್ಟು ನಕ್ಕರು. ರಮಣಿಕ್‌ಭಾಯ್ ನಗಲಿಲ್ಲ. ನಾನು ಧೂಳು ಎಂದೆ, ಮೋಡ ಎಂದೆ. ಅವರು ಕಿಟಕಿಯತ್ತ ತಿರುಗಿ, ತಿಂಗಳಿಂದ ಮೋಡ ಕಾಣದ ಆಕಾಶವನ್ನು ನೋಡಿ, "ಚಾಲೋ, ಮೇಲೆ ಹೋಗೋಣ" ಎಂದು ಎದ್ದರು.

ಮೇಲೆ ಹೋದರೆ, ನನ್ನ ಭವಿಷ್ಯದ ಮೇಲೆ ಅಮ್ಮ ಅಪ್ಪನ ಹಳೆಯ ಪಂಚೆಗಳನ್ನು ಹಾಸಿ, ಗಾಳಿಗೆ ಹಾರದಂತೆ ಬಟ್ಟೆ ಕ್ಲಿಪ್ಪು ಕಚ್ಚಿಸಿ, ಸಾಲು ಸಾಲಾಗಿ ಸಬ್ಬಕ್ಕಿ ಸಂಡಿಗೆ ಇಟ್ಟಿದ್ದಳು. ಎಲ್ಲ ಫಲಕಗಳನ್ನೂ ಮುಚ್ಚಿರಲಿಲ್ಲ, ನಾಲ್ಕನ್ನು ಮಾತ್ರ. ಆದರೆ ಇವು ಕೈ ಕೈ ಹಿಡಿದು ಸಾಲಾಗಿ ನಿಂತು ದುಡಿಯುವ ಜಾತಿ. ಒಂದರ ಮುಖ ಮುಚ್ಚಿದರೆ ಇಡೀ ಸಾಲೇ ಸೊರಗುತ್ತದೆ. ಮದುವೆಯ ಪಂಕ್ತಿಯಲ್ಲಿ ಒಬ್ಬ ಮಾವನಿಗೆ ಹೋಳಿಗೆ ತಪ್ಪಿದರೆ ಆಗುವುದಿಲ್ಲವೇ, ಹಾಗೆ.

"ಅಮ್ಮಾ, ಎಂತ ಇದು!" ಎಂದು ಚೀರಿದೆ.

"ಬೊಬ್ಬಿ ಎಂತಕ್ಕೆ? ಬಿಸ್ಲ್ ಹಾಳ್ ಮಾಡುಕಾಗ ಅಂದೇಳಿ ಊರಿಗೆಲ್ಲ ಹೇಳ್ಕಂಡ್ ತಿರ್ಗುದ್ ನೀನೇ ಅಲ್ದಾ? ನನ್ ಸಂಡಿಗಿ ಜಾಗದಗೇ ನೀನ್ ತಂದ್ ಇದನ್ನ್ ಹಾಕಿದ್ದೆ. ನಾನ್ ಎಲ್ ಒಣ್ಸುದ್, ನಿನ್ ತಲಿ ಮೇಲಾ?" ಅಮ್ಮ ಒಂದು ಸಂಡಿಗೆಯನ್ನು ತಿರುವಿ ಹಾಕಿದಳು. "ಆದ್ರೂ ಒಳ್ಳೆ ವಸ್ತು ಮಾರಾಯ. ಕೆಳ್ಗಿಂದೂ ಬಿಸಿ, ಮೇಲಿಂದೂ ಬಿಸಿ."

ಭಾಷೆ ಅರ್ಥವಾಗದಿದ್ದರೂ ಹಂಸಾಬೆನ್‌ಗೆ ಸಂಗತಿ ಅರ್ಥವಾಯಿತು. ಅವರು ಬಗ್ಗಿ ಒಂದು ಸಂಡಿಗೆಯನ್ನು ಬೆರಳಲ್ಲಿ ಒತ್ತಿ ಹದ ನೋಡಿದರು. ಆಮೇಲೆ ನನ್ನತ್ತ ತಿರುಗಿ, "ಬೇಟಾ, ನಿನ್ನ ನಕ್ಷೆಯಲ್ಲಿ ನಮ್ಮ ಪಾಪಡ್ ಎಲ್ಲಿ ಒಣಗುತ್ತದೆ?" ಎಂದರು.

ನಕ್ಷೆ ಬಿಡಿಸಿದೆ. ಅವರ ಇಡೀ ತಾರಸಿಯ ಮೇಲೆ ನನ್ನದೇ ದುಂಡು ಅಕ್ಷರದಲ್ಲಿ ಬರೆದಿತ್ತು: ಖಾಲಿ ಜಾಗ. ಬೇಸಿಗೆ ಬಂದರೆ ಆ ಕಟ್ಟಡದ ಹೆಂಗಸರೆಲ್ಲ ಸೇರಿ ಅಲ್ಲಿ ಅಕ್ಕಿಹಿಟ್ಟಿನ ಖೀಚಿಯಾ ಪಾಪಡ್ ಲಟ್ಟಿಸಿ ಒಣಗಿಸುತ್ತಾರಂತೆ. ನಾನು ಅಳತೆಗೆ ಹೋದದ್ದು ಡಿಸೆಂಬರಿನಲ್ಲಿ. ಭಾಷಣ ಮಾಡಿದ್ದು ರಮಣಿಕ್‌ಭಾಯ್ ಎದುರಿಗೆ. ಅವರು ತಾರಸಿ ಹತ್ತುವುದು ವರ್ಷಕ್ಕೊಮ್ಮೆ, ಉತ್ತರಾಯಣದ ಗಾಳಿಪಟಕ್ಕೆ. ಅವರ "ನೋಡೋಣ" ಯಾರ ಮಾತೆಂದು ಆಗ ತಿಳಿಯಿತು. ಪರವಾಗಿಲ್ಲ, ಇನ್ನೊಬ್ಬರ ದನಿಯಲ್ಲಿ ಮಾತಾಡುವವನು ನಾನೊಬ್ಬನೇ ಅಲ್ಲ.

ಶೇಠ್ ದನಿಗಾಗಿ ಹೊಟ್ಟೆಯೊಳಗೆ ತಡಕಾಡಿದೆ, ಬರಲಿಲ್ಲ. ಗಂಟಲಿನಿಂದ ತೆಳ್ಳಗೆ ಏನೋ ಹೊರಟಿತು: "ತಪ್ಪಾಯಿತು, ಬೆನ್. ನಾನು ಕೇಳಲೇ ಇಲ್ಲ. ಎಷ್ಟು ಜಾಗ ಬೇಕು, ನೀವೇ ಹೇಳಿ."

ರಮಣಿಕ್‌ಭಾಯ್ ಅನುಮಾನದಿಂದ ನೋಡಿದರು. "ಇದು ಯಾರ ದನಿ?"

"ನನ್ನದೇ ಇರಬೇಕು, ಅಂಕಲ್."

ಆಗ ನಕ್ಕರು.

ಮರುದಿನ ಹಂಸಾಬೆನ್ ಸೀಮೆಸುಣ್ಣ ಹಿಡಿದು ತಮ್ಮ ತಾರಸಿಯಲ್ಲಿ ಗೆರೆ ಎಳೆದರು. ಒಳ್ಳೆಯ ದಕ್ಷಿಣದ ಬಿಸಿಲೆಲ್ಲ ಪಾಪಡ್ ಪಾಲಾಗುವುದನ್ನು ಕಂಡು ನಾನು ಗೋಗರೆದೆ, ಅರ್ಧ ಬಿಟ್ಟುಕೊಟ್ಟರು. ಫಲಕಗಳ ಸಂಖ್ಯೆ ಇಳಿಯಿತು, ಸಹಿ ಬಿತ್ತು. "ಪಾಪಡ್ ಜಾಗ" ಎಂದು ಬರೆದ ಹೊಸ ನಕ್ಷೆಯನ್ನು ಶೇಠ್ ತಿರುಗಿಸಿ ಮುರುಗಿಸಿ ನೋಡಿ ನನ್ನನ್ನು ಕಾಯಂ ಮಾಡಿದರು. ಮನೆಯಲ್ಲಿ ಅಮ್ಮನ ಜೊತೆಗೂ ಒಪ್ಪಂದವಾಗಿದೆ: ಎರಡು ಫಲಕ ಕಳಚಿ ಅವಳ ಜಾಗ ಅವಳಿಗೆ.

ಈಗ ಜುಲೈ. ಮೂರು ದಿನದಿಂದ ಸೂರ್ಯನ ಪತ್ತೆಯಿಲ್ಲ. ಬಿಸಿಲನ್ನು ಹಿಡಿಯುವುದು ಸುಲಭ, ಕೂಡಿಡುವುದೇ ಕಷ್ಟ, ಭವಿಷ್ಯವೆಲ್ಲ ಬ್ಯಾಟರಿಯಲ್ಲಿದೆ ಎಂದು ಶೇಠ್ ನಮಗೆಲ್ಲ ಹೊಟ್ಟೆಯಾಳದ ದನಿಯಲ್ಲಿ ಬೋಧಿಸುತ್ತಿದ್ದರು. ಅಮ್ಮ ಬೆಳಿಗ್ಗೆ ಕರಿದು ಕೊಟ್ಟ ಸಂಡಿಗೆಯ ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟೆ. ಒಂದನ್ನು ಕಟುಂ ಎನ್ನಿಸಿ, ಅದರೊಳಗಿನ ಏಪ್ರಿಲ್ ಬಿಸಿಲನ್ನು ನುಂಗಿ, "ಇದಕ್ಕೆ ವಾರಂಟಿ ಎಷ್ಟು?" ಎಂದರು.

"ಡಬ್ಬಿ ಖಾಲಿ ಆಪುವರೆಗೆ," ಎಂದೆ, ಅಮ್ಮನ ದನಿಯಲ್ಲಿ.