ಕಚ್ಚಿದ ನಾಯಿಯನ್ನು ಹುಡುಕಿಕೊಂಡು

“ನನ್ನ ಕಚ್ಚಿದ ನಾಯಿ ಇಲ್ಲೇ ಐತೇನ್ರಿ?” ಕೈಗೆ ಬ್ಯಾಂಡೇಜ್ ಸುತ್ತಿಕೊಂಡ ಹೆಂಗಸೊಬ್ಬರು ರಾಣೆಬೆನ್ನೂರಿನ ನಮ್ಮ ಪ್ರಾಣಿ ಆಶ್ರಯಧಾಮದ ಗೇಟಿನಲ್ಲಿ ನಿಂತು ಕೇಳಿದಾಗ ನಾನು ಅವರಿಗೆ ಅಡ್ಡ ನಿಂತೆ. ಹಿಂದಿನ ದಿನ ಸಂತೆಯಲ್ಲಿ ಯಾರನ್ನೋ ಕಚ್ಚಿತೆಂದು ಜನ ಬಡಿಗೆ ಹಿಡಿದು ಅಟ್ಟಾಡಿಸುತ್ತಿದ್ದ ಆ ನಾಯಿಯನ್ನು ನಾವು ಸ್ವಯಂಸೇವಕರು ಬಲೆ ಹಾಕಿ ತಂದಿದ್ದೆವು. ಬಂದಾಗಿನಿಂದ ಅದು ಅನ್ನ ಮುಟ್ಟಿರಲಿಲ್ಲ.

“ಅಕ್ಕಾರ, ಅದಕ್ಕ ಏನೂ ಮಾಡಬ್ಯಾಡ್ರಿ,” ಎಂದೆ.

“ನಾ ಏನ್ ಮಾಡ್ಲಿ ಯವ್ವಾ? ಅದರ ಕೂಸು ತಂದೇನಿ,” ಎನ್ನುತ್ತ ಅವರು ತರಕಾರಿ ಬುಟ್ಟಿಯ ಮೇಲಿನ ಗೋಣಿಚೀಲ ಸರಿಸಿದರು. ಒಳಗೆ ಆಗಷ್ಟೇ ಕಣ್ಣು ಬಿಟ್ಟ ಮರಿಯೊಂದು ಕುಂಯ್‌ಗುಡುತ್ತಿತ್ತು. ತಮ್ಮ ತಳ್ಳುಗಾಡಿಯ ಹಿಂದೆ ಪೇರಿಸಿಟ್ಟ ಚೀಲಗಳ ಸಂದಿಯಲ್ಲಿ ಅದು ಬೆಳಿಗ್ಗೆ ಸಿಕ್ಕಿತಂತೆ. ಹಿಂದಿನ ದಿನ ಚೀಲ ಎತ್ತಲು ಅವರು ಕೈ ಹಾಕಿದ್ದೂ ಅಲ್ಲೇ.

ಮರಿಯನ್ನು ತಾಯಿಯಿದ್ದ ಜಾಲರಿಗೂಡಿನೊಳಗೆ ಬಿಟ್ಟೆ. ತಾಯಿ ಅದನ್ನು ಮೈತುಂಬ ನೆಕ್ಕಿ, ಹೊಟ್ಟೆಗೆ ಒತ್ತಿಕೊಂಡು ಮಲಗಿತು. ಸ್ವಲ್ಪ ಹೊತ್ತಿಗೆ ತಟ್ಟೆಯಲ್ಲಿದ್ದ ಅನ್ನವನ್ನೂ ತಿಂದಿತು. ಆ ಅಕ್ಕ ಜಾಲರಿಯಾಚೆ ನಿಂತು ನೋಡುತ್ತಲೇ ಇದ್ದರು. “ನನಗ ಇನ್ನೂ ಇಂಜೆಕ್ಷನ್ ಅದಾವ, ಬರ್ತೇನಿ,” ಎಂದು ಬುಟ್ಟಿ ಎತ್ತಿಕೊಂಡು ಹೊರಟರು.

ನಾಯಿ ಕಚ್ಚಿತೆಂದು ಫೋನ್ ಬಂದಾಗಲೆಲ್ಲ ಈಗ ನಾನು ಮೊದಲು ಹೇಳುವುದು ಒಂದೇ ಮಾತು: “ಅಲ್ಲೆಲ್ಲರೆ ಮರಿ ಅದಾವೇನ್ ನೋಡ್ರಿ.”