ಆಂಟಿಯ ದನಿ, ಅಮ್ಮನ ತಟ್ಟೆ

ಮನೆ ಖಾಲಿ ಮಾಡಿ ಎಂದು ಓನರ್ ಆಂಟಿ ಹೇಳಿಕಳಿಸಿದ್ದನ್ನು, ನಿಮ್ಮ ಪರದೆ ಬಹಳ ಚೆನ್ನಾಗಿದೆಯಂತೆ ಎಂದು ಅಮ್ಮನಿಗೆ ಅನುವಾದಿಸಿದ ಮಹಾನುಭಾವ ನಾನೇ. ಅದೂ ಆಂಟಿಯ ದನಿಯಲ್ಲಿ, ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಸರಿಮಾಡಿಕೊಳ್ಳುವ ಅಭಿನಯ ಸಮೇತ.

ಆಗ ನಾನು ಹೈಸ್ಕೂಲು. ಕಾಬೂಲ್ ಬಿಟ್ಟು ಬಂದ ನಾವು ಬಿಟಿಎಂನಲ್ಲಿ ಎರಡು, ಜೆಪಿ ನಗರದಲ್ಲಿ ಒಂದು ಮನೆ ಬದಲಾಯಿಸಿ ಅರೆಕೆರೆಯ ಆಂಟಿಯ ನೆಲಮಹಡಿಗೆ ಬಂದಿದ್ದೆವು. ಆಂಟಿ ಮೇಲಿನ ಮನೆಯಲ್ಲಿದ್ದರು. ಅಪ್ಪ ಬೆಳಿಗ್ಗೆ ಜಯನಗರದ ಡ್ರೈಫ್ರೂಟ್ಸ್ ಅಂಗಡಿಗೆ ಹೋದರೆ ಬರುವುದು ರಾತ್ರಿಗೇ. ಅಮ್ಮನಿಗೆ ಕನ್ನಡ ಬಾರದು. ಗೇಟಿನಾಚೆ ಒಬ್ಬಳೇ ಕಾಲಿಡುತ್ತಿರಲಿಲ್ಲ. ನನಗೋ ಗಲ್ಲಿ ಕ್ರಿಕೆಟ್ಟಿನ ಕೃಪೆಯಿಂದ ಬೈಗುಳ ಸಮೇತ ಕನ್ನಡ ಬರುತ್ತಿತ್ತು. ಹಾಗಾಗಿ ಹಾಲು, ಗ್ಯಾಸು, ಡಾಕ್ಟರು, ಎಲ್ಲಕ್ಕೂ ಮನೆಯ ಬಾಯಿ ನಾನೇ. ಆ ಬಾಯಿಗೆ ರಜೆಯೇ ಇರಲಿಲ್ಲ.

ಊರಿಂದ ತಂದ ಕೆಂಪು ಪರದೆಯನ್ನು ಅಮ್ಮ ಹಿಂದಿನ ಯಾವ ಮನೆಯಲ್ಲೂ ಗಂಟಿನಿಂದ ತೆಗೆದಿರಲಿಲ್ಲ. ಇಲ್ಲಿ ತೆಗೆದು ಕಿಟಕಿಗೆ ಹಾಕಿದಳು. ಅದೇ ವಾರ ಆಂಟಿ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ, ಮಗಳು ಬರುತ್ತಿದ್ದಾಳೆ, ತಿಂಗಳ ಕೊನೆಗೆ ಮನೆ ಬೇಕು, ನಿಮ್ಮಮ್ಮನಿಗೆ ಹೇಳಿಬಿಡು ಅಂದರು. ಒಳಗೆ ಬಂದೆ. ಪರದೆ ಗಾಳಿಗೆ ಉಬ್ಬಿತ್ತು. ಅಮ್ಮ ಅದನ್ನೇ ನೋಡುತ್ತ ಕೂತಿದ್ದಳು. ಬಾಯಿಂದ ಹೊರಟದ್ದು ಪರದೆಯ ಹೊಗಳಿಕೆ.

ಹೊಗಳಿದವರಿಗೆ ತಿನ್ನಲು ಏನಾದರೂ ಕೊಡದಿದ್ದರೆ ಅಮ್ಮನಿಗೆ ಸಮಾಧಾನವಿಲ್ಲ. ಬಿಸಿ ರೊಟ್ಟಿಯ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದೆ. ಆಂಟಿಗೆ ಮುಜುಗರ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಒಂದಿಷ್ಟು ಸಕ್ಕರೆ ಹಾಕುತ್ತ ಕೇಳಿದರು:

"ಹೇಳಿದ್ಯೇನಪ್ಪ ಅಮ್ಮಂಗೆ?"

"ಹೇಳ್ದೆ ಆಂಟಿ. ಯೋಚ್ನೆ ಮಾಡ್ತಿದಾರೆ."

ಸಕ್ಕರೆ ನೋಡಿ ಅಮ್ಮನ ಮುಖ ಅರಳಿತು. ಮರುದಿನ ಏಲಕ್ಕಿ ಹಾಕಿದ ಅಕ್ಕಿ ಪಾಯಸ ಮೇಲೆ ಹೋಯಿತು. ಅದಕ್ಕೆ ಬೆಲ್ಲದಚ್ಚು ಇಳಿದು ಬಂತು. ಬೆಲ್ಲಕ್ಕೆ ಮತ್ತೆ ರೊಟ್ಟಿ. ಆಂಟಿ ಪ್ರತಿ ಸಲವೂ ಇದೆಲ್ಲ ಯಾಕಪ್ಪ ಅನ್ನುತ್ತಿದ್ದರು, ಪ್ರತಿ ಸಲವೂ ತಟ್ಟೆ ತುಂಬುತ್ತಿದ್ದರು. ಮೇಲೊಂದು ಸುಳ್ಳು, ಕೆಳಗೊಂದು ಸುಳ್ಳು. ನಡುವೆ ಮೆಟ್ಟಿಲ ಮೇಲೆ ನಾನು. ಹುಡುಗರು ಆಟಕ್ಕೆ ಕರೆದರೂ ಗೇಟು ದಾಟುತ್ತಿರಲಿಲ್ಲ. ನಾನಿಲ್ಲದಾಗ ಇವರಿಬ್ಬರೂ ಎದುರುಬದುರಾದರೆ? ಸ್ಕೂಲಿನಲ್ಲಿ ಗೆಳೆಯರು ಮಿಮಿಕ್ರಿಗೆಂದು, ಹೆಡ್‌ಮಾಸ್ಟರ್ ಥರ ಮಾತಾಡು ಮಗಾ ಅಂದರೆ ನನ್ನ ಗಂಟಲಿಂದ ಆಂಟಿಯೇ ಬರುತ್ತಿದ್ದರು.

ತಿಂಗಳು ಮುಗಿಯುತ್ತ ಬಂದಾಗ ಆಂಟಿ ತಾವೇ ಇಳಿದು ಬಂದರು. ಕೈಯಲ್ಲಿ ನಮ್ಮ ತಟ್ಟೆ, ಅದರಲ್ಲಿ ಎರಡು ಬಾಳೆಹಣ್ಣು. ನನ್ನತ್ತ ನೋಡದೆ ಅಮ್ಮನಿಗೇ ನಿಧಾನವಾಗಿ ಹೇಳಿದರು. ಇನ್ನೊಂದು ಕೈ ಮೊದಲು ಮನೆಯನ್ನು ತೋರಿಸಿತು, ಆಮೇಲೆ ಗೇಟನ್ನು. ಅಮ್ಮ ನನ್ನ ಕಡೆ ತಿರುಗಿದಳು. ನಾನು ಅಭ್ಯಾಸಬಲದಿಂದ ಇಲ್ಲದ ಕನ್ನಡಕ ಸರಿಮಾಡಿಕೊಂಡು, ಆಂಟಿಯ ಮೂಗುದನಿಯಲ್ಲೇ ಶುರುಮಾಡಿದೆ: ನಿಮ್ಮ ರೊಟ್ಟಿ ಇದೆಯಲ್ಲ...

ಅಮ್ಮ ಸ್ಟೂಲು ಎಳೆದುಕೊಂಡು ಹತ್ತಿದಳು. ಪರದೆ ಬಿಚ್ಚುತ್ತಲೇ ನಮ್ಮ ಭಾಷೆಯಲ್ಲಿ ಅಂದಳು:

"ಅವರ ದನಿ ಸಾಕು. ಯಾವತ್ತು ಹೋಗ್ಬೇಕಂತೆ, ಅದನ್ನ ಹೇಳು. ಗಂಟು ಕಟ್ಟೋದು ನನಗೇನು ಹೊಸದಾ?"